ಪಾವಗಡದ ಒಣ ಹವೆ

ಹೋದ ತಿಂಗಳು ನಮ್ಮ ಹಿರಿಯ ವಕೀಲರ ಕಚೇರಿಗೆ ಒಂದು ಗಿರಣಿಯವರ ಕಾಗದಪತ್ರಗಳ ಕಟ್ಟು ಬಂತು. ದಾರ ಬಿಚ್ಚಿದಾಗ ಹಾಳೆಗಳ ನಡುವಿನಿಂದ ಕಿರುಬೆರಳುದ್ದದ ಒಂದು ಕಾಪಿಯಿಂಗ್ ಪೆನ್ಸಿಲ್ ಮೇಜಿನ ಮೇಲೆ ಉರುಳಿತು. ಒಣಗಿದ್ದಾಗ ಬೂದು ಬಣ್ಣ, ತೇವ ತಗುಲಿದರೆ ನೇರಳೆ. ಒಮ್ಮೆ ಬರೆದದ್ದು ರಬ್ಬರಿಗೆ ಅಳಿಯದು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಅದರ ತುದಿಯನ್ನು ನಾಲಗೆಗೆ ಮುಟ್ಟಿಸಿದೆ. ಕಹಿ, ಕಹಿಯ ಹಿಂದೆ ತಾಮ್ರದ ಕಾಸು ಬಾಯಲ್ಲಿಟ್ಟಂಥ ರುಚಿ... ಮಧುಗಿರಿಯ ಬಸ್ ಸ್ಟ್ಯಾಂಡಿನ ಟೈಂಕೀಪರ ಕೆಳತುಟಿಯ ಮೇಲೆ ಸದಾ ಇರುತ್ತಿದ್ದ ನೇರಳೆ ಚುಕ್ಕೆ ಕಣ್ಣ ಮುಂದೆ ಬಂತು. ಆ ದಿನ ಇನ್ನೇನೂ ಕೆಲಸ ಸಾಗಲಿಲ್ಲ.

ಅವರು ನಮ್ಮ ನೆರೆಯವರು. ನಮ್ಮ ಹಿತ್ತಲಿನ ಗೋಡೆಯ ಆಚೆಗೆ ಅವರ ಎರಡು ಕೋಣೆಯ ಮನೆ. ಹುಟ್ಟಿದೂರು ಸಿರಾ. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು. ಮನೆಯಲ್ಲಿ ಅವರು, ಮಗಳು ಶಮೀಮ್, ಇಬ್ಬರೇ. ಹುಡುಗಿಯರ ಹೈಸ್ಕೂಲಿನಲ್ಲಿ ಶಮೀಮ್ ಮತ್ತು ನಾನು ಒಂದೇ ತರಗತಿ, ಒಂದೇ ಬೆಂಚು. ಅವರ ಬೀದಿಯಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳು. ಲೆಕ್ಕದಲ್ಲಿ ನನಗಿಂತ ಚುರುಕು. ಅವಳು ಎಸ್.ಎಸ್.ಎಲ್.ಸಿ. ಮುಗಿಸಿ ಟೀಚರ್ ಟ್ರೈನಿಂಗಿಗೆ ಸೇರಬೇಕು ಎಂಬುದು ಅವಳಿಗಿಂತ ಹೆಚ್ಚಾಗಿ ಅವಳ ತಂದೆಯ ಆಸೆಯಾಗಿತ್ತು.

ನಯಾಪೈಸೆ ಚಲಾವಣೆಗೆ ಬಂದ ಹೊಸತು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ಊರುಗಳ ನಡುವೆ ಒಬ್ಬ ಖಾಸಗಿ ಯಜಮಾನರ ಬಸ್ಸುಗಳು ಓಡುತ್ತಿದ್ದವು. ಟೈಂಕೀಪರು ಆ ಕಂಪನಿಯ ನೌಕರರು. ನಮ್ಮ ತಂದೆ ಅದೇ ಕಂಪನಿಯ ಹೆಡ್ ಗುಮಾಸ್ತರು. ಬಸ್ ಸ್ಟ್ಯಾಂಡಿನ ತಗಡಿನ ಚಪ್ಪರದ ಕೆಳಗೆ ಟೈಂಕೀಪರ ಮೇಜು. ಅದರ ಮೇಲೆ ಉದ್ದನೆಯ ರಿಜಿಸ್ಟರು, ಪಕ್ಕದಲ್ಲಿ ಮುಚ್ಚಳ ತೆರೆದಿಟ್ಟ ಗಡಿಯಾರ. ಬಸ್ಸು ಬಂದ ಗಳಿಗೆ, ಹೊರಟ ಗಳಿಗೆ, ಡ್ರೈವರಿನ ನಂಬರು, ಕಂಡಕ್ಟರಿನ ನಂಬರು. ಅಳಿಸಲಾಗದಂತೆ ಬರೆಯಬೇಕೆಂದು ಕಂಪನಿಯೇ ಕಾಪಿಯಿಂಗ್ ಪೆನ್ಸಿಲ್ ಕೊಟ್ಟಿತ್ತು. ಅವರು ಅದನ್ನು ತುಟಿಗೆ ಒತ್ತಿಕೊಂಡು ಬರೆಯುತ್ತಿದ್ದರು.

ಶಾಲೆಯಿಂದ ಬರುವಾಗ ಶಮೀಮ್ ಮತ್ತು ನಾನು ಆ ಚಪ್ಪರದ ನೆರಳಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದೆವು. ಅಲ್ಲಿನ ಮಾತು ಕೇಳುವುದೇ ಒಂದು ಸಂತೋಷ. ಒಮ್ಮೆ ಒಬ್ಬ ಕಂಡಕ್ಟರ್ ಗೋಗರೆಯುತ್ತಿದ್ದ: “ಏಳ್ ನಿಮಿಷ ಲೇಟು ಅಂತ ಬರ್ಕೋಬ್ಯಾಡಿ ಸಾಬ್ರೇ. ಐದು ಅಂತ ಹಾಕ್ಬುಡಿ, ಎಲ್ಡು ನಿಮಿಷ ನೀವೇ ಮಡಿಕ್ಕಳಿ.”

“ನಿನ್ನ ಎರಡು ನಿಮಿಷ ಇಟ್ಕೊಂಡು ನಾನೇನು ಉಪ್ಪಿನಕಾಯಿ ಹಾಕ್ಲೇನಪ್ಪ?” ಎಂದು ಟೈಂಕೀಪರು ಏಳು ಎಂದೇ ಬರೆದರು.

ಅವರ ಬಗ್ಗೆ ಒಂದು ವಿಷಯ ಇಲ್ಲಿಯೇ ಹೇಳಬೇಕು. ಅವರಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಓದುತ್ತಿದ್ದರು, ಅಕ್ಷರಕ್ಕೆ ಅಕ್ಷರ ಕೂಡಿಸಿ, ನಿಧಾನವಾಗಿ. ಕಲಿತದ್ದು ಸಿರಾದಲ್ಲಿ, ಉರ್ದುವಿನಲ್ಲಿ. ರಿಜಿಸ್ಟರಿಗೆ ಬೇಕಾದಷ್ಟು ಅಂಕಿಗಳು, ನಾಲ್ಕು ಊರುಗಳ ಮೊದಲ ಅಕ್ಷರಗಳು, ಇಷ್ಟೇ ಅವರ ಕನ್ನಡ ಬರವಣಿಗೆ. ಅರ್ಜಿ, ಕಾಗದ ಏನಿದ್ದರೂ ಗೋಡೆಯ ಆಚೆಯಿಂದ ಕೂಗುತ್ತಿದ್ದರು: “ಬೇಟಾ, ನಿನ್ನ ಮುತ್ತಿನ ಅಕ್ಷರ ಸ್ವಲ್ಪ ಬೇಕಿತ್ತು.” ಮಗಳ ಕೈಯಲ್ಲಿ ಏಕೆ ಬರೆಸುತ್ತಿರಲಿಲ್ಲ ಎಂದರೆ, ಅವಳ ಅಕ್ಷರ ಅಷ್ಟು ಕೆಟ್ಟದಾಗಿತ್ತು. ಅದನ್ನು ಹೇಳಿ ಅವಳೇ ನಗುತ್ತಿದ್ದಳು. ನನಗೆ ನನ್ನ ಅಕ್ಷರದ ಬಗ್ಗೆ ಹೆಮ್ಮೆಯಿತ್ತು. ಅಕ್ಷರಕ್ಕಿಂತ ಹೆಚ್ಚಾಗಿ ವಾಕ್ಯದ ಬಗ್ಗೆ.

ಆ ವರ್ಷ ಡ್ರೈವರುಗಳೂ ಕಂಡಕ್ಟರುಗಳೂ ಸೇರಿ ಒಂದು ಸಂಘ ಕಟ್ಟಿದರು. ಅವರು ಕೇಳಿದ್ದು ವಾರಕ್ಕೊಂದು ರಜೆ, ದಿನದ ಕೆಲಸಕ್ಕೆ ಒಂದು ಮಿತಿ. ನಸುಕಿನಲ್ಲಿ ಪಾವಗಡದಿಂದ ಬಸ್ಸು ಹೊರಡಿಸಿದವನೇ ರಾತ್ರಿ ಸಿರಾದಲ್ಲಿ ನಿಲ್ಲಿಸಿ, ಸೀಟಿನ ಮೇಲೇ ಮಲಗಿ, ಮತ್ತೆ ನಸುಕಿಗೆ ಎದ್ದು ಓಡಿಸುತ್ತಿದ್ದ. ಯಜಮಾನರು ಹಾಗೇನೂ ಇಲ್ಲ ಎಂದರು. ಲೇಬರ್ ಇನ್ಸ್‌ಪೆಕ್ಟರ್ ಒಬ್ಬರು ವಿಚಾರಿಸಲು ಬಂದರು. ಅವರು ನೇರವಾಗಿ ತಗಡಿನ ಚಪ್ಪರದ ಕೆಳಗೆ ಹೋಗಿ ರಿಜಿಸ್ಟರು ಕೇಳಿದರು. ಟೈಂಕೀಪರು ಕೊಟ್ಟರು. ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಅವರು ಸಂಘದ ಸದಸ್ಯರೂ ಆಗಿರಲಿಲ್ಲ. ಅಂದು ಸಂಜೆ ನಮ್ಮ ತಂದೆ ಅವರನ್ನು ಕೇಳಿದ್ದು ನೆನಪಿದೆ, “ಯಜಮಾನರನ್ನ ಒಂದು ಮಾತು ಕೇಳಿ ಕೊಡಬಾರದಿತ್ತೇ ಸಾಹೇಬ್ರೇ?”

“ಗಡಿಯಾರ ಯಾರನ್ನ ಕೇಳುತ್ತೆ ಗುಮಾಸ್ತರೇ,” ಎಂದರು ಅವರು, ತಮಾಷೆಗೆಂಬಂತೆ. ತಂದೆ ನಗಲಿಲ್ಲ.

ನಮ್ಮ ಕಂಪನಿಯಲ್ಲಿ ವರ್ಗದ ಆಜ್ಞೆ ಎಂಬುದು ಇರಲಿಲ್ಲ. ಯಜಮಾನರು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು: “ನಾನು ಇವತ್ತಿನವರೆಗೆ ಯಾರನ್ನೂ ಎತ್ತಂಗಡಿ ಮಾಡಿದವನಲ್ಲ.” ಯಾರನ್ನು ಎಲ್ಲಿಗೆ ಕಳಿಸಬೇಕೋ ಅವರನ್ನು ಕರೆದು ಹೇಳುತ್ತಿದ್ದರು. ಆತ ತನಗೇ ಆ ಊರು ಬೇಕೆಂದು ಅರ್ಜಿ ಬರೆದುಕೊಡುತ್ತಿದ್ದ. ಅರ್ಜಿಯ ಮೇಲೆ ಯಜಮಾನರು ‘ಆಗಬಹುದು’ ಎಂದು ಬರೆಯುತ್ತಿದ್ದರು. ಇದರಲ್ಲಿ ಮೋಸವಿದೆ ಎಂದು ನೌಕರರಿಗೂ ಅನ್ನಿಸುತ್ತಿರಲಿಲ್ಲ. ಓಡಿಸಿದರು ಎನ್ನುವುದಕ್ಕಿಂತ ತಾನೇ ಕೇಳಿಕೊಂಡು ಹೋದ ಎಂದರೆ ಊರಲ್ಲಿ ಮರ್ಯಾದೆ ಉಳಿಯುತ್ತಿತ್ತು.

ಶಿವರಾತ್ರಿ ಕಳೆದ ವಾರ ತಂದೆ ಟೈಂಕೀಪರನ್ನು ಕರೆದುಕೊಂಡೇ ಮನೆಗೆ ಬಂದರು. ಇಬ್ಬರೂ ಜಗಲಿಯ ಮೇಲೆ ಕೂತರು. ಅಮ್ಮ ಮಜ್ಜಿಗೆ ಕೊಟ್ಟರು. ಪಾವಗಡ ಲೈನಿನಲ್ಲಿ ಬಸ್ಸುಗಳು ಹೊತ್ತಿಗೆ ಸರಿಯಾಗಿ ಓಡುತ್ತಿಲ್ಲ, ಅನುಭವಸ್ಥರು ಬೇಕು, ಮೂರೇ ತಿಂಗಳು ಎಂದು ಯಜಮಾನರು ಹೇಳಿದ್ದರು. ಮಗಳ ಪರೀಕ್ಷೆ ಮುಗಿಸಿಕೊಂಡು ಹೋಗುವುದು, ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ವಾಪಸು. ಹಾಗೆ ನೋಡಿದರೆ ಬೇಸಿಗೆ ರಜೆಯ ಮಾತು ಅಷ್ಟೇ. ಟೈಂಕೀಪರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ, “ಬರಿ ಬೇಟಾ,” ಎಂದರು.

ತಂದೆ ಕಂಪನಿಯ ಹಾಳೆಯನ್ನೇ ತಂದಿದ್ದರು. ಅವರು ಹೇಳಿದರು, ನಾನು ಬರೆದೆ. ‘ವಿಧೇಯನಾದ’ ಎಂಬಲ್ಲಿಂದ ಶುರು. ನಡುವೆ ತಂದೆ ತಡೆದರು. ಕಾರಣ ಏನೆಂದು ಬರೆಯಬೇಕು? ಮಕ್ಕಳ ಓದು ಎನ್ನುವಂತಿಲ್ಲ, ನೆಂಟರು ಎನ್ನುವಂತಿಲ್ಲ, ಅವರಿಗೆ ಪಾವಗಡದಲ್ಲಿ ಯಾರೂ ಇಲ್ಲ. ಆಗ ಯಾರೂ ಕೇಳದೆಯೇ ನಾನು ಹೇಳಿದೆ, “ಹವೆ ಅಂತ ಬರೆಯಲಾ ಅಪ್ಪ?” ಬರೆದೂ ಬಿಟ್ಟೆ: ‘ಪಾವಗಡದ ಒಣ ಹವೆಯು ನನ್ನ ದೇಹಸ್ಥಿತಿಗೆ ಅನುಕೂಲವಾಗಿರುವುದರಿಂದ, ನನ್ನ ಸ್ವಂತ ಇಚ್ಛೆಯ ಮೇರೆಗೆ ಅಲ್ಲಿಗೆ ವರ್ಗ ಮಾಡಿಕೊಡಬೇಕಾಗಿ ಪ್ರಾರ್ಥಿಸುತ್ತೇನೆ.’ ಓದಿ ಹೇಳಿದಾಗ ಇಬ್ಬರೂ ನಕ್ಕರು. ಟೈಂಕೀಪರಿಗೆ ಒಂದು ದಿನ ನೆಗಡಿಯೂ ಬಂದದ್ದನ್ನು ಯಾರೂ ಕಂಡಿರಲಿಲ್ಲ. “ವಾಹ್, ಡಾಕ್ಟರು ಕೂಡ ಇಷ್ಟು ಚೆನ್ನಾಗಿ ಬರೆಯಲ್ಲ,” ಎಂದರು. ನನಗೆ ಆಗ ಹದಿನೈದು ವರ್ಷ. ಆ ವಾಕ್ಯ ನನ್ನದು ಎಂದು ಅಂದು ಸಂಜೆಯೆಲ್ಲ ಒಳಗೊಳಗೇ ಖುಷಿಪಟ್ಟಿದ್ದೆ.

ಸಹಿ ಹಾಕುವ ಮೊದಲು ಅವರು ಒಂದು ಮಾತು ಕೇಳಿದರು. “ಮೂರು ತಿಂಗಳು ಅಂತ ಇದರಲ್ಲಿ ಬರಲಿಲ್ಲವಲ್ಲ ಗುಮಾಸ್ತರೇ?”

“ಅದು ಬಾಯಿಮಾತು ಸಾಹೇಬ್ರೇ. ಯಜಮಾನರ ಬಾಯಿಂದ ಬಂದದ್ದು.”

ಅವರು ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಸಹಿ ಹಾಕಿ ಹಾಳೆಯನ್ನು ಎರಡೂ ಕೈಯಿಂದ ತಂದೆಗೆ ಕೊಟ್ಟರು.

ಜೂನ್ ಬಂತು. ಶಾಲೆ ತೆರೆಯಿತು. ನನ್ನ ಬೆಂಚಿನ ಅರ್ಧ ಖಾಲಿಯಿತ್ತು. ಜುಲೈನಲ್ಲಿ ಟೈಂಕೀಪರನ್ನು ಪಾವಗಡದಿಂದ ಎತ್ತಿದರು, ಮಧುಗಿರಿಗಲ್ಲ, ಸಿರಾಕ್ಕೆ. ಶಮೀಮಳಿಗೆ ಸಿರಾದ ಶಾಲೆಯಲ್ಲಿ ಹೇಗೋ ಜಾಗ ಸಿಕ್ಕಿತು. ಗಣೇಶನ ಹಬ್ಬದ ಹೊತ್ತಿಗೆ ಅವರು ಕೊರಟಗೆರೆಯಲ್ಲಿದ್ದರು. ದೀಪಾವಳಿ ಕಳೆಯುವಷ್ಟರಲ್ಲಿ ಮತ್ತೆ ಪಾವಗಡ. ಈ ವರ್ಗಗಳಿಗೆ ಯಾರೂ ಅರ್ಜಿ ಕೇಳಲಿಲ್ಲ. ತಾನಾಗಿ ಊರು ಬಿಟ್ಟವನಿಗೆ ಯಾವ ಊರಾದರೇನು ಎಂದು ಯಜಮಾನರು ಅಂದರಂತೆ. ಪ್ರತಿ ಊರಿನಲ್ಲೂ ಒಂದು ಬಾಡಿಗೆ ಕೋಣೆ, ಒಂದು ಟಿ.ಸಿ., ಹಾಜರಿಗೆ ತಕರಾರು ತೆಗೆಯುವ ಒಬ್ಬ ಹೆಡ್‌ಮಾಸ್ಟರು.

ಶಮೀಮ್ ನನಗೆ ತನ್ನ ಕೋಳಿಕಾಲಿನ ಅಕ್ಷರದಲ್ಲಿ ಕಾಗದ ಬರೆಯುತ್ತಿದ್ದಳು. ‘ಇಲ್ಲಿ ಎಲ್ಲರೂ ತೆಲುಗು ಮಾತಾಡುತ್ತಾರೆ. ಲೆಕ್ಕಕ್ಕೆ ಭಾಷೆ ಬೇಡ, ಅದೊಂದು ಪುಣ್ಯ. ನಮ್ಮ ಅಬ್ಬಾ ಈಗ ಹೆಚ್ಚು ಮಾತಾಡುವುದಿಲ್ಲ. ಗಡಿಯಾರ ಕೂಡ ನೋಡುವುದಿಲ್ಲ, ಬಸ್ಸಿನ ಸದ್ದಿನ ಮೇಲೆ ಹೊತ್ತು ಹೇಳುತ್ತಾರೆ.’ ನಾನು ಒಮ್ಮೆ ಅಮ್ಮನನ್ನು ಕೇಳಿದೆ, ಪರೀಕ್ಷೆಯವರೆಗೆ ಅವಳು ನಮ್ಮ ಮನೆಯಲ್ಲೇ ಇರಬಹುದಲ್ಲ ಎಂದು. ಅಮ್ಮ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ. “ಎಲ್ಲಿ ಮಲಗಿಸ್ತೀಯ? ಏನು ಬಡಿಸ್ತೀಯ? ಜನಕ್ಕೆ ಏನು ಹೇಳ್ತೀಯ?” ಎಂದರು.

ಕೊನೆಗೆ ಸಂಘದವರು ಅವರ ಪರವಾಗಿ ದೂರು ಕೊಟ್ಟರು. ನಿಜ ಹೇಳಿದ್ದಕ್ಕೆ ಶಿಕ್ಷೆಯಾಗಿ ಊರಿಂದೂರಿಗೆ ಅಲೆಸುತ್ತಿದ್ದಾರೆ, ಇದು ಅನುಚಿತ ಕಾರ್ಮಿಕ ಪದ್ಧತಿ, ಅವರನ್ನು ಮಧುಗಿರಿಗೆ ವಾಪಸು ಕರೆಸಬೇಕು. ಲೇಬರ್ ಆಫೀಸರ್ ಎರಡೂ ಕಡೆಯವರನ್ನು ಮಧುಗಿರಿಯ ಪ್ರವಾಸಿ ಮಂದಿರಕ್ಕೆ ಕರೆಸಿ ಮಾತಾಡಿಸುವುದೆಂದು ಗೊತ್ತಾಯಿತು. ಸಂಕ್ರಾಂತಿಗೆ ಇನ್ನೂ ಕೆಲವು ದಿನಗಳಿದ್ದವು. ಹಬ್ಬದೊಳಗೆ ಶಮೀಮ್ ಬಂದು ಸೇರಿದರೆ ಹಾಜರಿ ಹೇಗೋ ಹೊಂದಿಸಿ ಅವಳ ಪರೀಕ್ಷೆಯ ಅರ್ಜಿ ಕಳಿಸುತ್ತೇನೆ ಎಂದು ನಮ್ಮ ಹೆಡ್‌ಮಿಸ್ಟ್ರೆಸ್ ಒಪ್ಪಿದ್ದರು. ನಾನೇ ಹೋಗಿ ಕೇಳಿದ್ದೆ. ನನ್ನ ಜೀವನದಲ್ಲಿ ಇನ್ನೊಬ್ಬರಿಗಾಗಿ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

ವಿಚಾರಣೆಗೆ ಎರಡು ದಿನ ಮುಂಚೆ, ಮಧ್ಯಾಹ್ನ, ತಂದೆ ಆಫೀಸಿನಲ್ಲಿದ್ದಾಗ ಸಿರಾ ಲೈನಿನ ಡ್ರೈವರ್ ನಮ್ಮ ಬಾಗಿಲಿಗೆ ಬಂದ. ಸಂಘದ ಕಾರ್ಯದರ್ಶಿ ಅವನೇ. ಒಳಗೆ ಬರಲಿಲ್ಲ.

“ಅಮ್ಮಣ್ಣಿ, ಕಂಪ್ನಿಯೋರು ಆ ಒಣ ಹವೆ ಕಾಗ್ದ ಹಿಡ್ಕಂಡು ಕೂತವ್ರೆ. ಸಾಬ್ರೇ ಕೇಳ್ಕಂಡ್ ಹೋಗವ್ರೆ ಅಂತಾರೆ. ಅದು ನಿಮ್ ಕೈಬರಾನೇ ಅಂತ ನಮ್ಗೆಲ್ಲಾ ಗೊತ್ತು. ಆಫೀಸರ್ ಮುಂದೆ ಒಂದ್ ಮಾತು ಹೇಳ್ಬುಡಿ. ಗುಮಾಸ್ತರು ಹೇಳುದ್ರು, ನಾನ್ ಬರ್ದೆ ಅಂತ. ಅಷ್ಟೇಯ. ಆ ಕಾಗ್ದ ಬಿದ್ದೋಯ್ತದೆ.”

“ಟೈಂಕೀಪರ್ ಚಾಚಾ ಏನಂದರು?”

“ಅವ್ರ ಮಾತ್ ಬುಡಿ. ಹೆಣ್ಮಗೀನ ಹೆಸ್ರು ಕಚೇರಿಗೆ ತರ್ಬ್ಯಾಡ ಅಂತ ಒಂದೇ ಹಟ ಕಣಮ್ಮ. ನಂಗೆ ಕನ್ನಡ ಬರೆಯಾಕ್ ಬರಲ್ಲ ಅಂತ ಅವ್ರೇ ಒಂದ್ ಸಲ ಅಂದ್ರೆ, ಹಂಗಾರೆ ಯಾರ್ ಬರ್ದಿದ್ದು ಅಂತ ಕೇಳ್ತಾರಲ್ಲ. ಅದುಕ್ಕೆ ಅದ್ನೂ ಅನ್ನಲ್ಲ.”

ನಾನು ಆ ಸಂಜೆ ತಂದೆಗೆ ಹೇಳಿದೆ. ಮುಚ್ಚಿಡುವುದು ನನಗೆ ಬರುತ್ತಿರಲಿಲ್ಲ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಸುಲಭವಾಗುತ್ತಿತ್ತು. ಶರಟಿನ ಗುಂಡಿ ಬಿಚ್ಚುತ್ತ, ಬಹಳ ಮೆತ್ತಗೆ ಹೇಳಿದರು: “ನೀನು ಹೇಳಿದರೆ ಸಾಹೇಬರು ವಾಪಸು ಬರಬಹುದು. ಬರದೆಯೂ ಇರಬಹುದು. ನನ್ನ ಕೆಲಸವಂತೂ ಅವತ್ತೇ ಹೋಗುತ್ತೆ. ಆಮೇಲೆ ನಿನ್ನ ಕಾಲೇಜಿಲ್ಲ, ತಮ್ಮಂದಿರ ಶಾಲೆಯಿಲ್ಲ. ನಾನು ಬೇಡ ಅನ್ನಲ್ಲ. ನೀನು ತಿಳಿದವಳು. ಯೋಚನೆ ಮಾಡು.”

ಯೋಚನೆ ಮಾಡು ಎಂದ ಮೇಲೆ ಇನ್ನು ಎಲ್ಲಿಗೆ ಹೋಗುವುದು... ಬೇಡ ಎಂದಿದ್ದರೆ ನಾನು ಮೀರಬಹುದಿತ್ತು. ಮೀರದಿದ್ದರೆ ತಪ್ಪು ಅವರದಾಗುತ್ತಿತ್ತು. ಅವರು ಬಾಗಿಲನ್ನು ತೆರೆದೇ ಇಟ್ಟರು. ಹೊಸ್ತಿಲ ಆಚೆಗೆ ಎಲ್ಲಿ ಕಾಲಿಟ್ಟರೂ ಯಾರದೋ ಮೇಲೆ ಬೀಳುವಂತಿತ್ತು.

ವಿಚಾರಣೆಯ ದಿನ ನಾನು ತಂದೆಗೆ ಊಟದ ಕ್ಯಾರಿಯರ್ ತೆಗೆದುಕೊಂಡು ಪ್ರವಾಸಿ ಮಂದಿರಕ್ಕೆ ಹೋದೆ. ಎಂದೂ ಒಯ್ಯುತ್ತಿರಲಿಲ್ಲ. ಅಂದು ನಾನೇ ಒಯ್ಯುತ್ತೇನೆ ಎಂದೆ. ಅಮ್ಮ ನನ್ನ ಮುಖ ನೋಡಿ ಕ್ಯಾರಿಯರ್ ಕೈಗೆ ಕೊಟ್ಟರು. ಕೈಯಲ್ಲಿದ್ದ ಲೆಕ್ಕದ ಪುಸ್ತಕದೊಳಗೆ ಮಡಿಸಿದ ಒಂದು ಹಾಳೆಯಿತ್ತು. ಅದರಲ್ಲಿ ನಡೆದದ್ದನ್ನೆಲ್ಲ ಏಳು ವಾಕ್ಯಗಳಲ್ಲಿ ಬರೆದಿದ್ದೆ. ಕೆಳಗೆ ಸಹಿ ಹಾಕಿದ್ದೆ.

ಪ್ರವಾಸಿ ಮಂದಿರದ ಹಿಂದೆ ಏಕಶಿಲೆಯ ಬೆಟ್ಟ ಬಿಸಿಲಿಗೆ ಕಾದು ನಿಂತಿತ್ತು. ಜಗಲಿಯ ಮೇಲೆ ಕಿಟಕಿಯ ಪಕ್ಕ ನಿಂತರೆ ಒಳಗಿನದೆಲ್ಲ ಕಾಣುತ್ತಿತ್ತು. ಉದ್ದ ಮೇಜಿನ ತಲೆಯಲ್ಲಿ ಆಫೀಸರ್. ಒಂದು ಪಕ್ಕದಲ್ಲಿ ಕಂಪನಿಯ ವಕೀಲರು, ಅವರ ಹಿಂದೆ ಫೈಲು ಹಿಡಿದ ನಮ್ಮ ತಂದೆ. ಇನ್ನೊಂದು ಪಕ್ಕದಲ್ಲಿ ಡ್ರೈವರ್, ಅವನ ಬದಿಗೆ ಟೈಂಕೀಪರು. ತೆಳ್ಳಗಾಗಿದ್ದರು. ಶೇರ್ವಾನಿ ಹಾಕಿಕೊಂಡು ಬಂದಿದ್ದರು. ಈದ್ ದಿನ ಬಿಟ್ಟರೆ ಅದನ್ನು ಅವರು ಹಾಕಿದ್ದನ್ನು ನಾನು ನೋಡಿರಲಿಲ್ಲ. ವಕೀಲರು ಕಾಗದವನ್ನು ಓದಿದರು. ‘ಪಾವಗಡದ ಒಣ ಹವೆಯು ನನ್ನ ದೇಹಸ್ಥಿತಿಗೆ...’ ನನ್ನ ವಾಕ್ಯವನ್ನು ಅವರು ಬಹಳ ಚೆನ್ನಾಗಿ ಓದಿದರು, ಎಲ್ಲಿ ತಡೆಯಬೇಕೋ ಅಲ್ಲಿ ತಡೆದು.

“ನಿಮಗೆ ಉಬ್ಬಸ ಇತ್ತೇ?” ಆಫೀಸರ್ ಕೇಳಿದರು. ಗಟ್ಟಿ ಮನುಷ್ಯರಲ್ಲ, ಕೆಟ್ಟವರೂ ಅಲ್ಲ. ಹೊರಗಿನವರು.

“ಸ್ವಾಮಿ, ಸಾಬ್ರಿಗೆ ಕನ್ನಡ ಬರೆಯಾಕೇ...” ಎಂದು ಡ್ರೈವರ್ ಅರ್ಧ ಎದ್ದ.

ಆ ಹೊತ್ತಿಗೆ ಟೈಂಕೀಪರು ಕಿಟಕಿಯ ಕಡೆ ನೋಡಿದರು. ನನ್ನನ್ನು ಕಂಡರು. ಕೈಯಲ್ಲಿದ್ದ ಕ್ಯಾರಿಯರನ್ನೂ ಪುಸ್ತಕವನ್ನೂ ಕಂಡರು. ನಾನು ಒಂದು ಹೆಜ್ಜೆ ಬಾಗಿಲ ಕಡೆ ಇಟ್ಟೆ ಎಂದು ನನಗೆ ನೆನಪು. ಇಟ್ಟೆನೋ, ಇಡಬೇಕೆಂದುಕೊಂಡೆನೋ, ಈಗ ಖಚಿತವಾಗಿ ಹೇಳಲಾರೆ. ಅವರು ಡ್ರೈವರಿನ ತೋಳು ಹಿಡಿದು ಕೂರಿಸಿದರು.

“ಸುಮ್ನಿರಪ್ಪ. ಇತ್ತು ಸ್ವಾಮಿ, ಉಬ್ಬಸ ಇತ್ತು. ಕಾಗದ ನಾನೇ ಬರೆದದ್ದು.”

“ನೀವೇ? ನಿಮ್ಮ ಕೈಯಾರೆ?”

“ನನ್ನ ಕೈಯಾರೆ.”

ಆಫೀಸರ್ ಅದನ್ನು ಬರೆದುಕೊಂಡರು. ಬರೆದದ್ದರ ಕೆಳಗೆ ಸಹಿ ಹಾಕಲು ಹೇಳಿದರು. ಟೈಂಕೀಪರು ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಸಹಿ ಹಾಕಿದರು. ಆ ಕೋಣೆಯಲ್ಲಿ ಆಫೀಸರ್ ಒಬ್ಬರನ್ನು ಬಿಟ್ಟು ಪ್ರತಿಯೊಬ್ಬರಿಗೂ ಅದು ಸುಳ್ಳೆಂದು ಗೊತ್ತಿತ್ತು. ನಮ್ಮ ತಂದೆ ಹೀರುಕಾಗದವನ್ನು ಸಹಿಯ ಮೇಲೆ ಒತ್ತಿದರು. ಅಗತ್ಯಕ್ಕಿಂತ ಹೆಚ್ಚು ಹೊತ್ತು ಒತ್ತಿ ಹಿಡಿದರು. ನಾನು ಕ್ಯಾರಿಯರನ್ನು ಜವಾನನ ಕೈಗೆ ಕೊಟ್ಟು ಮನೆಗೆ ನಡೆದೆ.

ಸಂಕ್ರಾಂತಿ ಹೋಯಿತು. ಪರೀಕ್ಷೆಯ ಅರ್ಜಿಗಳು ಹೋದವು. ಬೇಸಿಗೆಯ ಹೊತ್ತಿಗೆ ಸರ್ಕಾರದಿಂದ ಸಂಘಕ್ಕೆ ಒಂದು ಕಾಗದ ಬಂತು. ನೌಕರನೇ ಕೋರಿ ಪಡೆದ ವರ್ಗವಾದ್ದರಿಂದ ವಿವಾದವನ್ನು ನ್ಯಾಯಾಲಯಕ್ಕೆ ಒಪ್ಪಿಸಲು ಕಾರಣ ಕಾಣುವುದಿಲ್ಲ ಎಂದು ಅದರಲ್ಲಿತ್ತು. ನಾನು ಮೊದಲ ದರ್ಜೆಯಲ್ಲಿ ಪಾಸಾದೆ. ತಂದೆ ಪೇಡೆ ತಂದರು. ಶಮೀಮಳಿಗೆ ಮರುವರ್ಷ ಕಳ್ಳಂಬೆಳ್ಳದ ಕಡೆಯ ಒಬ್ಬರೊಂದಿಗೆ ನಿಕಾ ಆಯಿತು ಎಂದು ಯಾರೋ ಹೇಳಿ ಗೊತ್ತಾಯಿತು. ಅಷ್ಟರಲ್ಲಿ ನಾವು ಪರಸ್ಪರ ಕಾಗದ ಬರೆಯುವುದನ್ನು ನಿಲ್ಲಿಸಿದ್ದೆವು. ನಿಲ್ಲಿಸಿದವಳು ನಾನು.

ಮುಂದೆ ತುಮಕೂರಿನಲ್ಲಿ ಓದಿದೆ, ಬೆಂಗಳೂರಿನಲ್ಲಿ ಲಾ ಮಾಡಿದೆ. ತರಗತಿಯಲ್ಲಿ ಒಂದು ದಿನ ಪ್ರೊಫೆಸರರು ವರ್ಗದ ಪ್ರಕರಣಗಳನ್ನು ಪಾಠ ಮಾಡಿದರು. ನೌಕರನನ್ನು ಎಲ್ಲಿ ದುಡಿಸಬೇಕೆಂಬುದು ಮಾಲೀಕನ ಹಕ್ಕು. ಆ ಹಕ್ಕನ್ನು ಸೇಡಿಗಾಗಿ ಬಳಸಿದರೆ ಅನುಚಿತ. ಸೇಡು ಎಂದು ಸಾಬೀತು ಮಾಡುವ ಹೊರೆ ನೌಕರನದು. ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ. ಈಗ ನಾನು ಕೆಲಸ ಮಾಡುವ ಹಿರಿಯ ವಕೀಲರು ಸಾಮಾನ್ಯವಾಗಿ ಕಂಪನಿಗಳ ಪರ ನಿಲ್ಲುತ್ತಾರೆ. ಹೆಣ್ಣುಮಗಳಿಗೆ ಜೂನಿಯರ್ ಆಗಿ ಜಾಗ ಕೊಟ್ಟವರು ಅವರೊಬ್ಬರೇ. ಪೆನ್ಸಿಲ್ ಉರುಳಿದ ಆ ಕಟ್ಟು ಕೂಡ ಒಂದು ವರ್ಗದ ಪ್ರಕರಣದ್ದೇ. ಗಿರಣಿಯ ಪರವಾಗಿ ಉತ್ತರವನ್ನು ಸಿದ್ಧಪಡಿಸುವ ಕೆಲಸ ನನ್ನದು. ಸಿದ್ಧಪಡಿಸಿದೆ. ಹಿರಿಯರು ಓದಿ, ಒಂದು ಪದವನ್ನೂ ತಿದ್ದಬೇಕಿಲ್ಲ ಎಂದರು.

ಅದಾದ ವಾರವೇ ಒಂದು ಮದುವೆಗೆಂದು ಸಿರಾಕ್ಕೆ ಹೋಗಬೇಕಾಯಿತು. ಮದುವೆ ಮುಗಿಸಿ ಮಧುಗಿರಿಯ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಹಿಂದಿನಿಂದ ಯಾರೋ ನನ್ನ ಜಡೆ ಎಳೆದರು. ತಿರುಗಿದೆ. ಬುರ್ಖಾದ ಮುಸುಕನ್ನು ಮೇಲಕ್ಕೆ ಸರಿಸಿ ಶಮೀಮ್ ನಗುತ್ತಿದ್ದಳು. ಕಂಕುಳಲ್ಲಿ ಒಂದು ಮಗು, ಕಾಲ ಬಳಿ ಇನ್ನೊಂದು.

“ಏನೇ, ಲಾಯರಮ್ಮ ಆಗ್ಬಿಟ್ಟಿದ್ದೀಯಂತೆ? ಗುರ್ತು ಸಿಗುತ್ತೋ ಇಲ್ವೋ?”

ನಾನು ಏನೇನೋ ಕೇಳಿದೆ. ಮಕ್ಕಳ ಹೆಸರು, ಗಂಡನ ಅಂಗಡಿ. ಆಮೇಲೆ ಚಾಚಾ ಹೇಗಿದ್ದಾರೆ ಎಂದೆ.

“ಅಬ್ಬಾ ಹೋಗಿ ಎರಡು ವರ್ಷ ಆಯ್ತಲ್ಲೇ.” ಅವಳು ಮಗುವನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿದಳು. “ಪಾವಗಡದಲ್ಲೇ. ಸಿರಾಕ್ಕೆ ತರೋಣ ಅಂದ್ರೆ ಬಿಸಿಲು, ಆಗ್ಲಿಲ್ಲ. ಅಲ್ಲೇ ಮಣ್ಣು ಮಾಡಿದ್ವಿ. ಬಿಡು, ಅಲ್ಲಿಂದ ಇನ್ನ್ಯಾರೂ ಟ್ರಾನ್ಸ್‌ಫರ್ ಮಾಡಕ್ಕಾಗಲ್ಲ.” ಅವಳು ನಕ್ಕಳು. ಅವಳ ನಗು ಹಾಗೇ ಇತ್ತು.

ನಾನು ಅಲ್ಲೇ ಹೇಳಿಬಿಡಬೇಕೆಂದು ನಿರ್ಧರಿಸಿದೆ. “ಶಮೀಮ್, ಆ ಕಾಗದ...”

“ನಿನ್ನ ವಾಕ್ಯ ನಂಗೆ ಗೊತ್ತಿಲ್ವೇನೇ? ಮೂರು ವರ್ಷ ನಿನ್ನದನ್ನೇ ನೋಡ್ಕೊಂಡು ಬರೆದೋಳು ನಾನು. ಸಂಘದೋರು ಕಾಗದದ ನಕಲು ತಂದು ಓದಿದಾಗ್ಲೇ ಅಂದೆ, ಒಣ ಹವೆ ಅನ್ನೋದು ಇವಳದ್ದೇ ಅಂತ. ನಾನೇ ಬಂದು ಹೇಳ್ತೀನಿ ಅಂದೆ. ಅಬ್ಬಾ ಬಿಡಲಿಲ್ಲ. ಅವಳ ಓದಾದ್ರೂ ಆಗ್ಲಿ ಅಂದ್ರು. ಇಬ್ಬರ ಓದೂ ಯಾಕೆ ಕೆಡಬೇಕು ಅಂದ್ರು.”

ತುಮಕೂರಿನ ಬಸ್ಸು ಬಂತು. ಅವಳು ದೊಡ್ಡ ಮಗುವನ್ನು ಮೊದಲು ಹತ್ತಿಸಿ, ಆಮೇಲೆ ತಾನು ಹತ್ತಿದಳು. ಕಿಟಕಿಯಿಂದ ಏನೋ ಕೂಗಿ ಹೇಳಿದಳು. ಎಂಜಿನ್ನಿನ ಸದ್ದಿಗೆ ಕೇಳಲಿಲ್ಲ.

ಮಧುಗಿರಿಗೆ ಬಂದಾಗ ಸಂಜೆಯಾಗಿತ್ತು. ತಂದೆ ಈಗ ನಿವೃತ್ತರು. ಕಣ್ಣು ಮಂಜಾಗಿದೆ. ಜಗಲಿಯ ಮೇಲೆ ಕೂತಿದ್ದರು. ಅವರ ಪಕ್ಕ ಕೂತು ಚಪ್ಪಲಿ ಬಿಚ್ಚುತ್ತ, ಟೈಂಕೀಪರು ತೀರಿಕೊಂಡರಂತೆ ಎಂದೆ. ಬೀದಿಯಲ್ಲಿ ಒಬ್ಬರು ದನ ಹೊಡೆದುಕೊಂಡು ಹೋದರು.

“ಯಾವ ಊರಲ್ಲಿ?” ಎಂದು ಕೇಳಿದರು.

“ಪಾವಗಡದಲ್ಲಿ.”

“ಯಜಮಾನರು ಮೂರು ತಿಂಗಳು ಅಂದಿದ್ದರು,” ಎಂದರು ತಂದೆ. “ನನ್ನ ಹತ್ತಿರವೂ ಹಾಗೇ ಅಂದಿದ್ದರು ಕಣಮ್ಮ.”

ನಾನು ಹೂಂ ಎಂದೆ.